ಓದಬಹುದು, ಬರೆಯುವಂತಿಲ್ಲ

ನಮ್ಮ ಮನೆ ಬಸವನಗುಡಿಯಲ್ಲಿ. ಅಪ್ಪನದು ವಿಂಡೋಸ್ ಕಂಪ್ಯೂಟರ್, ನನ್ನದು ಉಬುಂಟು ಲ್ಯಾಪ್‌ಟಾಪ್, ಶನಿವಾರ ಮಲ್ಲೇಶ್ವರದಿಂದ ಬರುವ ಅಕ್ಕನದು ಮ್ಯಾಕ್‌ಬುಕ್. ಮೂರಕ್ಕೂ ವೈಫೈ ಒಂದೇ. ಆದರೂ ಅಪ್ಪ ಬರೆಯುತ್ತಿರುವ ನಮ್ಮ ಮನೆತನದ ಕಥೆ ಓಡಾಡುತ್ತಿದ್ದದ್ದು ಪೆನ್‌ಡ್ರೈವಿನಲ್ಲಿ. ಒಂದೇ ಕಥೆಗೆ ಮೂರು ಪ್ರತಿ, ಮೂರರಲ್ಲೂ ಬೇರೆಬೇರೆ ತಿದ್ದುಪಡಿ. ಕೊನೆಗೊಂದು ಭಾನುವಾರ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಎಲ್ಲರೂ ತೆರೆಯಬಹುದಾದ ಒಂದು ಫೋಲ್ಡರ್ ಮಾಡೋಣ ಅಂತ ಕೂತೆ.

ಈ ಕೆಲಸಕ್ಕಿರುವ ತಂತ್ರಾಂಶ ಸಾಂಬಾ. ಆಂಡ್ರ್ಯೂ ಟ್ರಿಡ್ಜೆಲ್ ಇದರ ಮೊದಲ ರೂಪವನ್ನು ಹೊರಬಿಟ್ಟದ್ದು 1992ರಲ್ಲಿ, ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ. ಯಂತ್ರಗಳ ನಡುವೆ ಓಡಾಡುವ ಸಂದೇಶಗಳನ್ನು ಗಮನಿಸುತ್ತಾ ಅವುಗಳ ಭಾಷೆ ಕಲಿತರು. ಆ ಭಾಷೆಯ ಹೆಸರು ಎಸ್‌ಎಂಬಿ. ಆ ಮೂರೂ ಅಕ್ಷರ ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕಿದ್ದು 'ಸಾಂಬಾ'. ಚಾಮರಾಜಪೇಟೆಯಲ್ಲಿ ಬೆಳೆದ ಅಪ್ಪ ಉರ್ದು, ತಮಿಳು ಕಲಿತದ್ದೂ ಹೀಗೇ, ಬೀದಿಯಲ್ಲಿ ಕೇಳಿ ಕೇಳಿ.

ಮಧ್ಯಾಹ್ನದ ಹೊತ್ತಿಗೆ ಮೂರೂ ಕಡೆ ಫೋಲ್ಡರ್ ಕಾಣಿಸಿತು. ಆದರೆ ಅಕ್ಕನ ಮ್ಯಾಕ್‌ನಲ್ಲಿ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಪ್ಪ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಅದನ್ನೆಲ್ಲ ಯೂನಿಕೋಡಿಗೆ ಬದಲಿಸಿದ್ದಾಯ್ತು. ಬದಲಿಸುವಾಗ ಕಣ್ಣಿಗೆ ಬಿದ್ದ ಎರಡು ಉದ್ದನೆಯ ವಾಕ್ಯಗಳನ್ನೂ ನೆಟ್ಟಗೆ ಮಾಡಿದೆ.

ಉಳಿದದ್ದು ಅನುಮತಿಯ ವಿಚಾರ. ಯಾರು ಓದಬಹುದು, ಯಾರು ಬರೆಯಬಹುದು? ವಿಂಡೋಸಿನಿಂದ ಇಂಥ ನೆಟ್‌ವರ್ಕ್ ಫೋಲ್ಡರಿನೊಳಗೆ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್ನಿಗೆ ಬೀಳುವುದಿಲ್ಲ, ಹೋದರೆ ಹೋಯ್ತು. ಅಪ್ಪನಿಗೆ 72. ಮೌಸ್ ಹಿಡಿದ ಕೈ ಸ್ವಲ್ಪ ನಡುಗುತ್ತೆ. ಹಿಂದೊಮ್ಮೆ ಒಂದು ಅಧ್ಯಾಯವೇ ಹಾರಿಹೋಗಿತ್ತು. ಹಾಗಾಗಿ ನನಗೂ ಅಕ್ಕನಿಗೂ ಬರೆಯುವ ಹಕ್ಕು ಕೊಟ್ಟು, ಅಪ್ಪನ ಖಾತೆಗೆ ಓದುವುದಕ್ಕೆ ಮಾತ್ರ ಅಂತಿಟ್ಟೆ. ಹೊಸದೇನಾದರೂ ಬರೆದರೆ ನನಗೆ ಕೊಡಲಿ, ನಾನು ಹಾಕ್ತೀನಿ ಅನ್ನೋ ಲೆಕ್ಕ. ಅವರನ್ನು ಕೇಳಲಿಲ್ಲ, ಅವರಿಗೆ ಹೇಳಲೂ ಇಲ್ಲ.

ಸಂಜೆ ಅಪ್ಪ ತಮ್ಮ ಅಜ್ಜಿಯ ಹೆಸರಿನ ಕಾಗುಣಿತ ತಿದ್ದಲು ಹೋದರು. ಸೇವ್ ಆಗಲಿಲ್ಲ. ನಾನು ಕಾರಣ ವಿವರಿಸಿದೆ.

"ಅಂದ್ರೆ, ನನ್ನ ಅಜ್ಜಿ ಹೆಸರು ತಿದ್ದೋಕೆ ನಿನ್ನ ಪರ್ಮಿಷನ್ ಬೇಕಾ?"

ದನಿಯಲ್ಲಿ ಕೋಪವಿರಲಿಲ್ಲ. ಚಪ್ಪಲಿ ಮೆಟ್ಟಿ ಬ್ಯೂಗಲ್ ರಾಕ್ ಕಡೆಗೆ ವಾಕಿಂಗ್ ಹೊರಟರು.

ವಯಸ್ಸಾದವರ ವಿಷಯದಲ್ಲಿ ನಮ್ಮಲ್ಲಿ ಬಹಳ ಜನ ಮಾಡುವುದು ಇದನ್ನೇ ಅಲ್ವಾ? ಎಟಿಎಂ ಕಾರ್ಡ್, ಬ್ಯಾಂಕ್ ಆ್ಯಪ್, ಡಾಕ್ಟರ ಹತ್ತಿರ ಆಡುವ ಮಾತು, ಒಂದೊಂದಾಗಿ ನಮ್ಮ ಕೈಗೆ ತಗೋತೀವಿ. ಪ್ರೀತಿಯಿಂದಲೇ. ಮೋಸ ಹೋದಾರು ಅನ್ನೋ ಭಯವೂ ಸುಳ್ಳಲ್ಲ. ಆದರೆ ಭಯ ನಿಜವಾದ ಮಾತ್ರಕ್ಕೆ ಅವರ ಹಕ್ಕು ನಮ್ಮದಾಗಿಬಿಡುತ್ತಾ? ಆಫೀಸಿನಲ್ಲಿ ನಾನೇ ಒಮ್ಮೆ ತಪ್ಪು ಕೋಡ್ ಹಾಕಿ ಸರ್ವರ್ ಮಲಗಿಸಿದ್ದೆ. ಯಾರೂ ನನ್ನ ಹಕ್ಕು ಕಿತ್ತುಕೊಳ್ಳಲಿಲ್ಲ. ಹಿಂದಿನ ಆವೃತ್ತಿಗೆ ಮರಳಿದರು, ಅಷ್ಟೇ. ನನ್ನ ತಪ್ಪಿಗೆ ಸಿಕ್ಕ ಆ ರಿಯಾಯಿತಿ ಅಪ್ಪನ ತಪ್ಪಿಗೆ ಯಾಕಿಲ್ಲ?

ಅವರು ವಾಪಸು ಬರುವುದರೊಳಗೆ ಮತ್ತೆ ಕೂತೆ. ಸಾಂಬಾದಲ್ಲಿ ರೀಸೈಕಲ್ ಅನ್ನೋ ಮಾಡ್ಯೂಲ್ ಇದೆ. ಅಳಿಸಿದ ಕಡತವನ್ನು ಬೇರೊಂದು ಫೋಲ್ಡರಿಗೆ ಸರಿಸಿಡುತ್ತದೆ. ಅದನ್ನು ಹಾಕಿದೆ. ತಪ್ಪಾಗಿ ತಿದ್ದಿ ಸೇವ್ ಮಾಡಿದ್ದನ್ನು ಅದು ಉಳಿಸಲ್ಲ. ಅದಕ್ಕೆ ಪ್ರತಿ ರಾತ್ರಿ ಬೇರೆ ಡಿಸ್ಕಿಗೆ ಬ್ಯಾಕಪ್. ಅಪ್ಪನಿಗೆ ಬರೆಯುವ ಹಕ್ಕು ಮರಳಿಸಿದೆ. ಇಷ್ಟಾದರೂ ಬೆಳಿಗ್ಗೆ ಬರೆದದ್ದು ರಾತ್ರಿಯೊಳಗೆ ಹಾಳಾದರೆ ಹಾಳಾದಂತೆಯೇ. ಅಷ್ಟು ನಷ್ಟಕ್ಕೆ ತಯಾರಿಲ್ಲದಿದ್ದರೆ ಹಂಚಿಕೊಂಡೆ ಅಂತ ಹೇಳಿಕೊಳ್ಳಬಾರದು.

ಅಪ್ಪ ಬಂದು ಅಜ್ಜಿಯ ಹೆಸರು ತಿದ್ದಿದರು. ಆಮೇಲೆ, ನಾನು ನೆಟ್ಟಗೆ ಮಾಡಿದ್ದ ಆ ಎರಡು ವಾಕ್ಯಗಳನ್ನೂ ಮೊದಲಿನಂತೆಯೇ ಮಾಡಿದರು. ನನ್ನನ್ನು ಕೇಳಲಿಲ್ಲ.