ಸ್ವಸಂತೋಷದಿಂದ ಬರೆಸಿಕೊಟ್ಟ ಪತ್ರ

ಅಜ್ಜಿಯ ಟ್ರಂಕಿನ ತಳದಲ್ಲಿ ಒಂದು ಕಾಗದವಿತ್ತು. ಮಲೆನಾಡಿನ ಮಳೆಗಾಲಕ್ಕೆ ಬೂಷ್ಟು ಹಿಡಿದು, ಮಡಿಕೆ ಮಡಿಕೆಯಲ್ಲೂ ತೂತು ಬಿದ್ದ ಛಾಪಾ ಕಾಗದದ ನಕಲು. ಅಸಲು ಸಾಹುಕಾರರ ಬೀರುವಿನಲ್ಲಿ. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮಾಡಿದ್ದು ನಾವೇ ಮೊದಲು. ಹಾಗಾಗಿ ಅದನ್ನು ಓದುವ ಕೆಲಸವೂ ನಮಗೇ ಬಂತು. ನಲವತ್ತು ವರ್ಷ ಆ ಕಾಗದ ನಮ್ಮನ್ನು ಆಳಿತ್ತು. ಅದರೊಳಗೆ ಏನಿದೆ ಅಂತ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಲೆ ಮುಂದೆ ಕೂತು ಗಟ್ಟಿಯಾಗಿ ಓದಿದೆವು. ಆಲೂರು ತಾಲ್ಲೂಕು, ಹಳ್ಳಿಯ ಹೆಸರು, ಅಜ್ಜನ ಹೆಸರು, ಅಜ್ಜನ ಅಪ್ಪನ ಹೆಸರು, ಜಾತಿ. 1983ನೇ ಇಸವಿ. ಮೂರು ಸಾವಿರ ರೂಪಾಯಿ. ಎರಡು ಎಕರೆ ದರಖಾಸ್ತು ಜಮೀನಿನ ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸಾಹುಕಾರರ ಕಾಫಿ ತೋಟದ ಬೇಲಿ. ಆಮೇಲೆ ಆ ಸಾಲು ಬಂತು. “ಸಂಸಾರದ ಖರ್ಚಿನ ಬಾಬ್ತು ನಾನು ನನ್ನ ಸ್ವಸಂತೋಷದಿಂದ, ಯಾರ ಬಲಾತ್ಕಾರವೂ ಇಲ್ಲದೆ ಬರೆಸಿಕೊಟ್ಟ ಪತ್ರ.”

ಅಜ್ಜಿ ತಡೆದಳು. “ಇನ್ನೊಂದ್ಸಲ ಓದು.” ಓದಿದೆವು. “ಸಂತೋಷ ಅಂತ ಬರ್ದವ್ರಾ? ಯಾವ ಸಂತೋಷ ಮಗಾ? ನಿಮ್ಮತ್ತೆ ಹಸಿ ಬಾಣಂತಿ, ಆಸ್ಪತ್ರೇಲಿ ಮೈಮೇಲೆ ಗ್ಯಾನ ಇಲ್ದೆ ಮಲಗಿದ್ಲು. ನಿಮ್ಮಜ್ಜ ಸಾಹುಕಾರ್ರ ಕಣದಾಗೆ ನಿಂತ್ಕಂಡು ಅತ್ತವ್ರೆ. ಅದ್ನ ಬರ್ದಿಲ್ವಾ?”

ಇಲ್ಲ. ಅದನ್ನು ಬರೆದಿರಲಿಲ್ಲ.

ಗೆಳೆಯರೇ, ಈ ಬರಹ ಅಜ್ಜಿಯ ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟದ್ದು. ಗರಜಿಗೆ ಬಿದ್ದವನು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ಒಪ್ಪಿಗೆ ಅಲ್ಲವೆಂದರೆ, ಅವನು ಕೊಟ್ಟ ಮಾತಿಗೆ ಬೆಲೆ ಏನು?

ನಮ್ಮ ಕಡೆ ಇದಕ್ಕೆ ಭೋಗ್ಯ ಅನ್ನುತ್ತಾರೆ. ಸಾಲಕ್ಕೆ ಜಮೀನು ಬಿಟ್ಟುಕೊಡಬೇಕು. ಸಾಲ ಕೊಟ್ಟವನು ಫಸಲು ತಿನ್ನುತ್ತಾನೆ, ಅದೇ ಬಡ್ಡಿ. ಅಸಲು ತಂದುಕೊಟ್ಟ ದಿನ ಜಮೀನು ವಾಪಸ್ಸು. ಎಷ್ಟು ವರ್ಷ ಫಸಲು ತಿಂದರೂ ಅಸಲಿನಲ್ಲಿ ಒಂದು ಕಾಸು ಕರಗುವುದಿಲ್ಲ. ಭೋಗ ಒಬ್ಬನದು, ಭೂಮಿ ಇನ್ನೊಬ್ಬನದು. ಅಜ್ಜನ ಪತ್ರದಲ್ಲಿ ಇದರ ಮೇಲೆ ಇನ್ನೊಂದು ಗಂಟು ಹಾಕಿದ್ದರು. ಐದು ವರ್ಷದೊಳಗೆ ಹಣ ಕಟ್ಟದಿದ್ದರೆ “ಇದೇ ಪತ್ರವನ್ನು ಶುದ್ಧ ಕ್ರಯಪತ್ರವೆಂದು ಭಾವಿಸತಕ್ಕದ್ದು.” ಅಂದರೆ ಅಡ ಇಟ್ಟದ್ದು ತಾನಾಗೇ ಮಾರಿದ್ದಾಗುತ್ತೆ. ಮೂರು ಸಾವಿರಕ್ಕೆ.

ಈ ವಿದ್ಯೆ ಸಾಹುಕಾರರು ತಾವೇ ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನಲ್ಲಿ ಹನ್ನೆರಡನೇ ಶತಮಾನದ ಕೊನೆಯಲ್ಲಿ ಗ್ಲಾನ್‌ವಿಲ್ ಹೆಸರಿನಲ್ಲಿ ಒಂದು ಕಾನೂನು ಗ್ರಂಥ ಹುಟ್ಟಿತು. ಅದರಲ್ಲಿ ಅಡಮಾನ ಎರಡು ಥರ. ಫಸಲು ತಿಂದಷ್ಟೂ ಸಾಲ ಇಳಿಯುತ್ತಾ ಹೋದರೆ ಅದು ಜೀವಂತ ಅಡ. ಫಸಲು ತಿಂದರೂ ಸಾಲ ಇಳಿಯದಿದ್ದರೆ ಅದು ಸತ್ತ ಅಡ. ಸತ್ತ ಅನ್ನೋದಕ್ಕೆ ಫ್ರೆಂಚಿನಲ್ಲಿ ಮಾರ್ಟ್, ಅಡಕ್ಕೆ ಗೇಜ್. ಇವತ್ತು ಬ್ಯಾಂಕಿನವರು ಸಲೀಸಾಗಿ ಆಡುವ ಮಾರ್ಟ್‌ಗೇಜ್ ಎಂಬ ಮಾತಿನ ಒಳಗೆ ಒಂದು ಹೆಣ ಮಲಗಿದೆ. ಸತ್ತ ಅಡ ಬಡ್ಡಿ ತಿಂದಷ್ಟೇ ಪಾಪ ಅಂತ ಆ ಗ್ರಂಥ ಒಪ್ಪುತ್ತೆ. ಆದರೆ ರಾಜನ ಕೋರ್ಟು ಅದನ್ನು ತಡೆಯುವುದಿಲ್ಲ ಅಂತಲೂ ಹೇಳುತ್ತೆ. ಪಾಪವೂ ಹೌದು, ಕಾನೂನೂ ಹೌದು. ನಮ್ಮ ಭೋಗ್ಯ ಎಂಬುದು ಇದೇ ಸತ್ತ ಅಡ.

ಮುಂದೆ ಅಲ್ಲಿ ಇನ್ನೂ ಕಠಿಣವಾದ ಪದ್ಧತಿ ಬಂತು. ಸಾಲಗಾರ ಜಮೀನನ್ನೇ ಬರೆದುಕೊಡಬೇಕು. ಗೊತ್ತು ಮಾಡಿದ ದಿನ ಹಣ ತಂದರೆ ವಾಪಸ್ಸು, ಒಂದು ದಿನ ತಡವಾದರೂ ಹೋಯಿತು. ಹದಿನೇಳನೇ ಶತಮಾನದಲ್ಲಿ ಚಾನ್ಸರಿ ಎಂಬ ನ್ಯಾಯಾಲಯ ಇದಕ್ಕೆ ಅಡ್ಡ ನಿಂತಿತು. ಕಾಗದ ಏನೇ ಹೇಳಲಿ, ಇದು ಸಾಲಕ್ಕೆ ಇಟ್ಟ ಭೂಮಿ. ಗಡುವು ಮೀರಿದರೂ ಹಣ ಕೊಟ್ಟು ಬಿಡಿಸಿಕೊಳ್ಳುವ ಹಕ್ಕು ಸಾಯುವುದಿಲ್ಲ. ಅಡವನ್ನು ಕ್ರಯ ಮಾಡುವ ಗಂಟು ಪತ್ರದೊಳಗೆ ಹಾಕುವಂತಿಲ್ಲ. 1762ರಲ್ಲಿ ವೆರ್ನನ್ ಮತ್ತು ಬೆಥೆಲ್ ಎಂಬಿಬ್ಬರ ಮೊಕದ್ದಮೆಯಲ್ಲಿ ನ್ಯಾಯಾಧೀಶ ಲಾರ್ಡ್ ಹೆನ್ಲಿ ಒಂದು ಮಾತು ಹೇಳಿದ. ಗರಜಿನಲ್ಲಿರುವವರು ನಿಜದಲ್ಲಿ ಸ್ವತಂತ್ರರಲ್ಲ, ಆ ಹೊತ್ತಿನ ತಾಪತ್ರಯಕ್ಕೆ ಕಿಲಾಡಿಗಳು ಹಾಕಿದ ಯಾವ ಷರತ್ತಿಗಾದರೂ ತಲೆಬಾಗುತ್ತಾರೆ ಎಂಬ ಅರ್ಥದ ಮಾತು.

ಇದನ್ನು ಓದಿದಾಗ ನಮಗೆ ರೋಮಾಂಚನವಾಯಿತು. ಅಜ್ಜಿ ಕೇಳಿದ್ದನ್ನೇ ಇನ್ನೂರ ಅರವತ್ತು ವರ್ಷದ ಕೆಳಗೆ ಲಂಡನ್ನಿನಲ್ಲಿ ಒಬ್ಬ ಕೇಳಿದ್ದ! ಆಮೇಲೆ ಮುಂದೆ ಓದಿದೆವು. ಆ ಗರಜಿನ ಮನುಷ್ಯ ವೆರ್ನನ್ ಯಾರು? ಆಂಟಿಗುವಾ ದ್ವೀಪದ ಕಬ್ಬಿನ ತೋಟದ ಮಾಲೀಕ. ಅಡ ಇಟ್ಟದ್ದು ಆ ತೋಟವನ್ನು. ಆಂಟಿಗುವಾದ ಕಬ್ಬಿನ ತೋಟಗಳಲ್ಲಿ ಆ ಕಾಲಕ್ಕೆ ದುಡಿಯುತ್ತಿದ್ದವರು ಆಫ್ರಿಕಾದಿಂದ ಹೊತ್ತು ತಂದ ಗುಲಾಮರು. ತೋಟದ ಜೊತೆಗೆ ಗುಲಾಮರನ್ನೂ ಅಡ ಇಡುವುದು ಆ ದ್ವೀಪಗಳಲ್ಲಿ ಮಾಮೂಲಿಯಾಗಿತ್ತು. ಸಾಲಕ್ಕೆ ಸಿಕ್ಕಿದ ಧಣಿಯನ್ನು ನೋಡಿ ನ್ಯಾಯಾಧೀಶನಿಗೆ ‘ಇವನು ಸ್ವತಂತ್ರನಲ್ಲ’ ಅನ್ನಿಸಿತು. ಅದೇ ಮಣ್ಣಲ್ಲಿ ನಿಂತಿದ್ದ ಗುಲಾಮ ಆ ಮಾತಿನೊಳಗೆ ಇರಲೇ ಇಲ್ಲ. 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಶಾಸನ ಆದಾಗ ಎರಡು ಕೋಟಿ ಪೌಂಡು ಪರಿಹಾರ ಗೊತ್ತಾಯಿತು. ಅದು ಹೋದದ್ದು ಮಾಲೀಕರಿಗೆ. ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ.

ಮಾತು ನಿಜವಾಗಿತ್ತು. ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಲಿಲ್ಲ. ನಮ್ಮ ಗುಡ್ಡಗಳ ಕತೆಯೂ ಇದೇ.

ಸಕಲೇಶಪುರ ಸೀಮೆಗೆ ಮಂಜರಾಬಾದ್ ಅಂತ ಹೆಸರಿದ್ದ ಕಾಲದಲ್ಲಿ, 1850ರ ದಶಕದಲ್ಲಿ, ರಾಬರ್ಟ್ ಎಲಿಯಟ್‌ನಂಥ ಬಿಳಿಯರು ಬಂದು ಕಾಡು ಕಡಿಸಿ ಕಾಫಿ ಹಾಕಿಸಿದರು. ಕೂಲಿಗಳನ್ನು ಕಟ್ಟಿಹಾಕಲು ಮೇಸ್ತ್ರಿಯ ಕೈಯಲ್ಲಿ ಮುಂಗಡ. ಬ್ರಿಟಿಷ್ ಇಂಡಿಯಾದಲ್ಲಿ 1859ರ ಒಂದು ಶಾಸನವಿತ್ತು. ಮುಂಗಡ ತಗೊಂಡು ಕೆಲಸ ಬಿಟ್ಟು ಹೋದ ಕೂಲಿಯನ್ನು ಮ್ಯಾಜಿಸ್ಟ್ರೇಟರು ಮೂರು ತಿಂಗಳವರೆಗೆ ಜೈಲಿಗೆ ಹಾಕಬಹುದಿತ್ತು. ರದ್ದಾದದ್ದು 1925ರಲ್ಲಿ. ತೋಟದ ಮಾಲೀಕ ಗಡುವು ತಪ್ಪಿದರೆ ಅದಕ್ಕೆ ನ್ಯಾಯದ ಔದಾರ್ಯ, ಕೂಲಿಯವನು ತಪ್ಪಿದರೆ ಕೈಗೆ ಕೋಳ. ಅವನೂ ಗರಜಿನವನೇ, ಇವನೂ ಗರಜಿನವನೇ.

ಹೆಬ್ಬೆಟ್ಟಿನ ಕತೆಯನ್ನೂ ನೋಡಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಾಜ್ಯಧರ್ ಕೊನಾಯ್ ಎಂಬ ಕಂತ್ರಾಟುದಾರನ ಇಡೀ ಅಂಗೈಗೆ ಮಸಿ ಬಳಿದು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಮುಂದೆ ‘ಇದು ನನ್ನ ರುಜು ಅಲ್ಲ’ ಅನ್ನದಂತೆ ಹೆದರಿಸಲು ಹಾಗೆ ಮಾಡಿದೆ ಅಂತ ಅವನೇ ಆಮೇಲೆ ಬರೆದುಕೊಂಡಿದ್ದಾನೆ. ಹೆಬ್ಬೆಟ್ಟು ಕೈ ಯಾರದು ಅಂತ ಹೇಳುತ್ತೆ. ಮನಸ್ಸು ಏನಿತ್ತು ಅಂತ ಹೇಳುವುದಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯೊಳಗೆ ‘ಇಂಗ್ಲಿಷ್ ಅಡಮಾನ’ ಎಂಬ ಹೆಸರೇ ಇವತ್ತಿಗೂ ಕೂತಿದೆ. ಭೂಮಿಯ ಒಡೆತನವನ್ನೇ ಬರೆದುಕೊಡುವ ಆ ಪದ್ಧತಿಯನ್ನು ಇಂಗ್ಲೆಂಡು 1925ರ ಶಾಸನದಲ್ಲಿ ಕೈಬಿಟ್ಟಿತು. ನಾವು ಇಟ್ಟುಕೊಂಡಿದ್ದೇವೆ. ಅದೇ ಕಾಯ್ದೆಯಲ್ಲಿ ಬಿಡಿಸಿಕೊಳ್ಳುವ ಹಕ್ಕೂ ಇದೆ. ನೂರು ರೂಪಾಯಿ ಮೇಲ್ಪಟ್ಟ ಭೋಗ್ಯಕ್ಕೆ ನೋಂದಣಿ ಆಗಬೇಕು, ಕನಿಷ್ಠ ಇಬ್ಬರು ಸಾಕ್ಷಿ ಬೇಕು ಅಂತಲೂ ಇದೆ. ಅಜ್ಜನ ಪತ್ರ ನೋಂದಣಿ ಆಗಿರಲಿಲ್ಲ. ಆಗುವಂತೆಯೂ ಇರಲಿಲ್ಲ. ಯಾಕೆಂದರೆ 1979ರ ಜನವರಿಯಿಂದಲೇ ಕರ್ನಾಟಕದಲ್ಲಿ ಇನ್ನೊಂದು ಕಾಯ್ದೆ ಜಾರಿಯಲ್ಲಿತ್ತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವುದಿರಲಿ, ಭೋಗ್ಯ ಹಾಕಿದರೂ ಅದು ಅಸಿಂಧು. ಜನ ಇದನ್ನು ಪಿ.ಟಿ.ಸಿ.ಎಲ್. ಅನ್ನುತ್ತಾರೆ. 1984ರಲ್ಲಿ ಮಂಚೇಗೌಡ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಅರ್ಜಿಯನ್ನು ಸಕಾಲದಲ್ಲಿ ಹಾಕಬೇಕು ಅಂದಿತು. 2023ರಲ್ಲಿ ರಾಜ್ಯ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು.

ಅಂದರೆ ಆ ಕಾಗದಕ್ಕೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಆದರೂ ನಲವತ್ತು ವರ್ಷ ನಮ್ಮನ್ನು ಹಿಡಿದಿಟ್ಟಿತು. ಹೇಗೆ?

ಒಂದು ಕಾರಣ ಬೇಲಿಯ ಆ ಕಡೆ ಇತ್ತು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗದ್ದೆ ಬಯಲಿಗೆ ಬಂತು, ಕಾಫಿ ತೋಟದ ಬೇಲಿ ದಾಟಲಿಲ್ಲ. ಕಾಫಿ, ಏಲಕ್ಕಿ, ಮೆಣಸಿನ ಪ್ಲಾಂಟೇಶನ್ನುಗಳಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿತ್ತು. ಕೂಲಿ ಅಲ್ಲೇ, ಸೌದೆ ಅಲ್ಲೇ, ಸಾಲ ಅಲ್ಲೇ. ಅಂಥ ಕಡೆ ಕಾನೂನಿನ ಪುಸ್ತಕ ಯಾರ ಮನೆಯಲ್ಲಿ ತೆರೆಯಬೇಕು?

ಇನ್ನೊಂದು ಕಾರಣ ಹೇಳಲು ಕಷ್ಟ. ಅದು ಅಜ್ಜನೇ. “ಇಸ್ಕಂಡಿದ್ದು ಇಸ್ಕಂಡಿದ್ದೇ. ಮಾತು ಕೊಟ್ಟಿವ್ನಿ” ಅನ್ನುತ್ತಿದ್ದ. ತನ್ನದೇ ಹೊಲದಲ್ಲಿ ಕೂಲಿಗೆ ಹೋದ. ದೊಡ್ಡಪ್ಪನನ್ನು ಹನ್ನೊಂದನೇ ವಯಸ್ಸಿಗೆ ಸಾಹುಕಾರರ ದನದ ಹಿಂದೆ ಕಳಿಸಿದ. ಮಕ್ಕಳ ದುಡಿಮೆ ಅಡ ಇಡುವುದನ್ನು 1933ರಲ್ಲೇ ಶಾಸನ ಅಸಿಂಧು ಮಾಡಿತ್ತು. 1976ರ ಜೀತ ರದ್ದತಿ ಕಾಯ್ದೆ ದೇಶದ ಜೀತಗಳನ್ನೆಲ್ಲ ಹೆಸರಿಟ್ಟು ಪಟ್ಟಿ ಮಾಡಿತು. ಅದರಲ್ಲಿ ‘ಜೀತ’ ಇದೆ. ‘ಹೊಲ್ಯ’ ಎಂಬ ಮಾತೂ ಇದೆ. ಕಾಗದದಲ್ಲಿ ಜಮೀನಿನ ಚಕ್ಕುಬಂದಿ ಇತ್ತು, ದೊಡ್ಡಪ್ಪನದು ಇರಲಿಲ್ಲ.

ಈಗ ನಮ್ಮ ಎದುರಿಗೆ ನಿಂತ ಪ್ರಶ್ನೆ ಸಾಹುಕಾರರದ್ದಲ್ಲ, ಅಜ್ಜನದು. ಕಾನೂನು ಹಿಡಿದು ಜಮೀನು ಬಿಡಿಸಿಕೊಂಡರೆ ಅವನ ಮಾತಿಗೆ ನಾವು ದ್ರೋಹ ಮಾಡಿದ ಹಾಗೆ ಅಲ್ಲವೇ? ‘ಬಡವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ’ ಅಂದುಬಿಡುವುದು ಸುಲಭ. ಆದರೆ ಹಾಗಂದರೆ ಅಜ್ಜ ಮಗುವಾಗಿಬಿಡುತ್ತಾನೆ, ಬುದ್ಧಿ ಇಲ್ಲದವನಾಗಿಬಿಡುತ್ತಾನೆ. ಅವನಲ್ಲಿದ್ದ ಒಂದೇ ಒಂದು ಆಸ್ತಿ ಮಾತು. ಅದನ್ನೂ ನಾವು ಕಿತ್ತುಕೊಂಡಂತೆ. ‘ಹಂಗಾದ್ರೆ ನಾಳೆ ನಿಮಗೆ ಸಾಲ ಕೊಡೋರ್ಯಾರು?’ ಅನ್ನುವ ಧಣಿಗಳ ಮಾತಿಗೂ ಉತ್ತರ ಬೇಕು.

ನಮಗೆ ತೋಚಿದ್ದು ಇಷ್ಟು. ಒಪ್ಪಿಗೆ ಇಡಿಯಾಗಿ ನಿಜವೂ ಅಲ್ಲ, ಇಡಿಯಾಗಿ ಸುಳ್ಳೂ ಅಲ್ಲ. ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಬೇಕು: ‘ಇದು ಬೇಡ ಅಂದಿದ್ದರೆ ಏನಾಗುತ್ತಿತ್ತು?’ ಮೂರು ಸಾವಿರ ತಗೊಂಡೆ, ತಿರುಗಿ ಕೊಡುತ್ತೇನೆ: ಇದು ಅಜ್ಜನ ಮಾತು. ಕಣದಲ್ಲಿ ಅಳುತ್ತಾ ನಿಂತಾಗಲೂ ಅವನು ಮನಸಾರೆ ಆಡಿದ ಮಾತು. ಇದು ಕಟ್ಟುತ್ತೆ, ಕಟ್ಟಬೇಕು. ಐದು ವರ್ಷ ಆದಮೇಲೆ ಭೂಮಿ ನಿಮ್ಮದು: ಇದು ಬರೆಸಿಕೊಂಡವನ ಮಾತು. ಇದನ್ನು ಬೇಡ ಅಂದಿದ್ದರೆ ಮಗಳು ಸಾಯುತ್ತಿದ್ದಳು. ಬೇಡ ಅನ್ನಲು ಜೀವವನ್ನೇ ಬೆಲೆ ಕಟ್ಟಿದ ಕಡೆ ‘ಆಯ್ತು’ ಎಂಬುದು ಮಾತಲ್ಲ, ನರಳಿಕೆ. ನರಳಿಕೆಯನ್ನು ಯಾರೂ ಕರಾರು ಅನ್ನಬಾರದು.

ಇನ್ನು ಆ ಮೂರು ಸಾವಿರ. ಗ್ಲಾನ್‌ವಿಲ್ ಗ್ರಂಥದ ಜೀವಂತ ಅಡದ ಲೆಕ್ಕ ಹಾಕಿ ನೋಡಿ. ಎರಡು ಎಕರೆಯ ನಲವತ್ತು ಫಸಲು. ಅದರ ಜೊತೆ ಒಬ್ಬ ಹುಡುಗನ ಬಾಲ್ಯ. ಸಾಲ ಯಾವತ್ತೋ ತೀರಿತ್ತು. ಅಜ್ಜ ಮಾತಿಗೆ ತಪ್ಪಿದವನಲ್ಲ. ತೀರಿದ ಸಾಲಕ್ಕೆ ಸಾಯುವ ತನಕ ತಲೆ ತಗ್ಗಿಸಿ ನಡೆದ, ಅಷ್ಟೆ. ಅವನಿಗೆ ಇದನ್ನು ಓದಿ ಹೇಳುವವರಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾವು ಒಳ್ಳೆಯವರಾಗಿ ಉಳಿಯುತ್ತೇವೆ. ಆದರೆ ಇನ್ನೊಂದು ಮಾತು ಹೇಳಬೇಕು. ಬಿ.ಎ. ಮುಗಿಸಿ ಕೆಲಸವಿಲ್ಲದೆ ಅಲೆಯುವಾಗ ನಾವು ಎಂಟು ತಿಂಗಳು ಒಬ್ಬ ಪತ್ರ ಬರಹಗಾರರ ಬಳಿ ಕೂತಿದ್ದೆವು. ಈಗೆಲ್ಲ ಕಂಪ್ಯೂಟರು. ‘ಸ್ವಸಂತೋಷದಿಂದ’ ಎಂಬ ಸಾಲು ಮೊದಲೇ ಅದರಲ್ಲಿ ಕೂತಿರುತ್ತೆ. ಹೆಸರು, ಸರ್ವೆ ನಂಬರು, ಮೊತ್ತ ಬದಲಿಸಿದರೆ ಸಾಕು. ಎಷ್ಟು ಜನ ನಮ್ಮ ಮುಂದೆ ಬಂದು ಹೆಬ್ಬೆಟ್ಟು ಒತ್ತಿದರೋ ಲೆಕ್ಕವಿಲ್ಲ. ಒಬ್ಬರನ್ನೂ ನಾವು ‘ನಿಮಗೆ ಸಂತೋಷವಾ?’ ಅಂತ ಕೇಳಲಿಲ್ಲ. ಅಕ್ಷರ ಕಲಿತ ಮೊದಲ ತಲೆಮಾರು ನಮ್ಮದು ಅಂತ ವೇದಿಕೆ ಮೇಲೆ ಪದ್ಯ ಓದುತ್ತಿದ್ದೆವು. ಹಗಲು ಹೊತ್ತು ಅದೇ ಅಕ್ಷರದಲ್ಲಿ ಅಜ್ಜನ ಪತ್ರವನ್ನೇ ಮತ್ತೆ ಮತ್ತೆ ಬರೆಯುತ್ತಿದ್ದೆವು.

ಹಾಗಾಗಿ ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ, ಹಾಸ್ಟೆಲ್ಲಿನ ಗೆಳೆಯರಲ್ಲಿ ಒಂದು ಕೋರಿಕೆ. ಮಕ್ಕಳಿಗೆ ಪದ್ಯ ಕಲಿಸಿದ ಹಾಗೇ ಒಂದು ಭೋಗ್ಯ ಪತ್ರ ಓದುವುದನ್ನೂ ಕಲಿಸಿ. ಚಕ್ಕುಬಂದಿ ಅಂದರೇನು, ಅವಧಿ ಅಂದರೇನು, ‘ಭಾವಿಸತಕ್ಕದ್ದು’ ಅಂತ ಬರೆದಾಗ ಭಾವಿಸುವವನು ಯಾರು ಅಂತ ಕೇಳಿಸಿ. ಕೇರಿಯಲ್ಲಿ ಟ್ರಂಕಿನ ತಳದ ಕಾಗದಗಳನ್ನು ಗಟ್ಟಿಯಾಗಿ ಓದಿ ಹೇಳಿ. ಯಾರದಾದರೂ ಪತ್ರ ಬರೆಯಬೇಕಾಗಿ ಬಂದರೆ ಹೆಬ್ಬೆಟ್ಟಿಗೆ ಮುಂಚೆ ಪೂರಾ ಓದಿ. ಸಂತೋಷ ಇಲ್ಲದ ಕಡೆ ಸಂತೋಷ ಅಂತ ಬರೆಯಬೇಡಿ. ಕಷ್ಟ ಅಂತಲೇ ಬರೆಯಿರಿ.

ಸಕಲೇಶಪುರದ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಬರೆಯಲು ಕೂತೆವು. ಮಂಜೂರಾತಿ, ಸರ್ವೆ ನಂಬರು, ಕಾಯ್ದೆಯ ಕಲಮು ಎಲ್ಲ ಬರೆದು ಅಜ್ಜಿಗೆ ಓದಿ ಹೇಳಿದೆವು. ಅಜ್ಜಿ ಕೇಳಿದಳು: “ಮೂರು ಸಾವ್ರ ಇಸ್ಕಂಡಿದ್ದು ಬರ್ದ್ಯಾ?” ಅದು ಬೇಕಾಗಿಲ್ಲ ಅಜ್ಜಿ, ಕಾನೂನಿಗೆ ಅದು ಬೇಡ ಅಂದೆವು.

“ಕಾನೂನ್ಗೆ ಬ್ಯಾಡ್ದಿದ್ರೆ ನಂಗೆ ಬೇಕು. ಅವರ ಕಾಗ್ದ ಸುಳ್ಳು ಹೇಳ್ತು ಅಂತ ನಮ್ಮ ಕಾಗ್ದ ಯಾಕೆ ಸುಳ್ಳು ಹೇಳ್ಬೇಕು? ಬರಿ. ಯಾಕೆ ಇಸ್ಕಂಡ್ರು ಅಂತ್ಲೂ ಬರಿ.”

ಬರೆದೆವು. ಅಜ್ಜಿ ಮತ್ತೊಮ್ಮೆ ಪೂರಾ ಓದಿಸಿ ಕೇಳಿದಳು. ಆಮೇಲೆ ಎಡಗೈ ಚಾಚಿದಳು.