ಬೇಡ ಎನ್ನುವ ಮಾತಿಗೆ ಕಮಿಷನ್ ಇಲ್ಲ

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಬಂದ ಹೊಸತರಲ್ಲಿ ಕೋಣೆ ಹುಡುಕುವುದರಿಂದ ಹಿಡಿದು ಗ್ಯಾಸ್ ಸಂಪರ್ಕ ಪಡೆಯುವವರೆಗೆ ನಾನು ಪಟ್ಟ ಪಾಡನ್ನು ನಂತರ ಬರುವವರು ಪಡದಿರಲಿ ಎಂದು ಕನ್ನಡದಲ್ಲೇ ಒಂದು ಸಣ್ಣ ಜಾಲತಾಣ ಶುರು ಮಾಡಿದೆ. ಯಾವ ಬಡಾವಣೆಯಲ್ಲಿ ನೀರಿನ ತೊಂದರೆ, ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ, ಊರಿನ ಬಸ್ಸಿಗೆ ಎಲ್ಲಿ ನಿಲ್ಲಬೇಕು, ಇಂಥವೇ ವಿಷಯ. ನಾಲ್ಕು ವರ್ಷ ಅದರಿಂದ ಒಂದು ಪೈಸೆಯೂ ಬರಲಿಲ್ಲ. ಡೊಮೇನ್, ಸರ್ವರ್ ಎಂದು ವರ್ಷಕ್ಕೆ ಐದಾರು ಸಾವಿರ ಕೈಯಿಂದಲೇ ಹೋಗುತ್ತಿತ್ತು. ಆಗ ಗೆಳೆಯನೊಬ್ಬ ಅಫಿಲಿಯೇಟ್ ದಾರಿ ತೋರಿಸಿದ.

ಈ ದಾರಿ ಹೊಸದಲ್ಲ. ಅಮೆಜಾನ್ 1996ರಲ್ಲೇ ಅಮೆರಿಕದಲ್ಲಿ ಇಂಥ ಯೋಜನೆ ಆರಂಭಿಸಿತ್ತು. ನಮ್ಮ ಪುಟದಿಂದ ಅಂಗಡಿಗೆ ಹೋಗುವ ಕೊಂಡಿಯಲ್ಲಿ ನಮ್ಮ ಗುರುತಿನ ಸಂಕೇತವಿರುತ್ತದೆ. ಓದುಗರು ಅದನ್ನು ಒತ್ತಿ ಹೋಗಿ ಏನಾದರೂ ಕೊಂಡರೆ ಬೆಲೆಯ ಸಣ್ಣ ಪಾಲು ನಮಗೆ. ಅವರಿಗೇನೂ ಹೆಚ್ಚು ಬೀಳುವುದಿಲ್ಲ. ನಾನು ಸೇರಿದ ಅಂಗಡಿಯ ಹೆಸರು ಇಲ್ಲಿ ಮುಖ್ಯವಲ್ಲ. ಪದ್ಧತಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಕೊಂಡವರ ಹೆಸರು ನಮಗೆ ಕಾಣದು, ಸರಕಿನ ಹೆಸರು ಕಾಣುತ್ತದೆ. ಕೊಂಡಿ ಒತ್ತಿದ ಮೇಲೆ ನಿಗದಿತ ಅವಧಿಯೊಳಗೆ ಅವರು ಬೇರೇನು ಕೊಂಡರೂ ಸಾಮಾನ್ಯವಾಗಿ ನಮಗೆ ಪಾಲುಂಟು. ಒಮ್ಮೆ ನನ್ನ ಕುಕ್ಕರ್ ಕೊಂಡಿಯಿಂದ ಹೋದ ಯಾರೋ ವಯಸ್ಕರ ಡಯಾಪರ್ ಕೊಂಡಿದ್ದರು. ಯಾರ ಮನೆಯಲ್ಲಿ ಯಾವ ಹಿರಿಯರು ಹಾಸಿಗೆ ಹಿಡಿದಿದ್ದರೋ, ನನ್ನ ಖಾತೆಗೆ ಮಾತ್ರ ಕೆಲವು ರೂಪಾಯಿ ಬಂತು. ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆದರೆ ಹಣ ಬೇಡ ಎನ್ನಲಿಲ್ಲ.

ಕಾನೂನಿನ ಕಡೆಯಿಂದ ನಾನು ಸರಿಯಾಗಿಯೇ ಇದ್ದೆ. ಇಂಥ ಲಾಭದ ಸಂಬಂಧವಿದ್ದರೆ ಎದ್ದು ಕಾಣುವಂತೆ ಹೇಳಬೇಕೆಂದು 2021ರಲ್ಲಿ ಜಾಹೀರಾತು ಮಾನದಂಡ ಮಂಡಳಿಯೂ 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಸೂಚನೆ ಹೊರಡಿಸಿವೆ. ‘ಈ ಕೊಂಡಿಗಳಿಂದ ನನಗೆ ಕಮಿಷನ್ ಬರುತ್ತದೆ’ ಎಂದು ಪುಟದ ತಲೆಯಲ್ಲೇ ಬರೆದಿದ್ದೆ. ಅಷ್ಟು ಬರೆದ ಮೇಲೆ ಮನಸ್ಸು ಹಗುರವಾಗಿತ್ತು.

ಆಮೇಲೆ ಒಂದು ದಿನ ವಿಜಯಪುರ ಕಡೆಯ ಹುಡುಗಿಯೊಬ್ಬಳು ಬರೆದಳು. ಕೋಥ್ರೂಡಿನ ಪಿಜಿಯಲ್ಲಿದ್ದಾಳೆ, ಓದುತ್ತಿದ್ದಾಳೆ, ಒಬ್ಬಳಿಗೆ ಸಾಕಾಗುವ ರೈಸ್ ಕುಕ್ಕರ್ ಬೇಕು. ನಾನು ನನ್ನ ‘ಐದು ಉತ್ತಮ ಕುಕ್ಕರ್‌ಗಳು’ ಪುಟ ಕಳಿಸಿದೆ. ಆ ಐದರಲ್ಲಿ ನಾನು ಬಳಸಿದ್ದು ಒಂದೇ. ಉಳಿದ ನಾಲ್ಕನ್ನು ಕೊಂಡವರ ಅಭಿಪ್ರಾಯಗಳನ್ನು ಓದಿ ಬರೆದಿದ್ದೆ. ಅವಳು ಎರಡನೆಯದನ್ನು ಕೊಂಡಳು. ಎರಡೇ ತಿಂಗಳಿಗೆ ಅದು ಕೆಟ್ಟಿತು. ನಾನು ವಿಚಾರಿಸಿದಾಗ, “ನೀವು ಹೇಳೀರಿ ಅಂತ ತಗೊಂಡಿದ್ದೆ ಅಣ್ಣಾ, ಇರ್ಲಿ ಬಿಡ್ರಿ” ಅಂದಳು. ಆ ಕುಕ್ಕರ್‌ನಿಂದ ನನಗೆ ಬಂದದ್ದು ಎಂಬತ್ತೊಂದು ರೂಪಾಯಿ.

ಅವಳು ಬೈದಿದ್ದರೆ ವಾದ ಹೂಡುತ್ತಿದ್ದೆ. ವಾದಗಳು ನನ್ನಲ್ಲಿ ಬೇಕಾದಷ್ಟಿದ್ದವು. ಪತ್ರಿಕೆಗಳೂ ಜಾಹೀರಾತಿನಿಂದಲೇ ನಡೆಯುತ್ತವೆ, ಬರೆಯುವವನ ಸಮಯಕ್ಕೂ ಬೆಲೆ ಬೇಡವೇ, ಪುಟದ ಮೇಲೇ ಹೇಳಿದ್ದೇನಲ್ಲ. ಇವು ಸುಳ್ಳಲ್ಲ. ಆದರೆ ಪತ್ರಿಕೆಯ ಜಾಹೀರಾತು ಚೌಕಟ್ಟಿನೊಳಗೆ ಬೇರೆ ಕೂತಿರುತ್ತದೆ; ನನ್ನದು ನನ್ನ ವಾಕ್ಯದೊಳಗೇ ಕೂತಿತ್ತು. ಇನ್ನೂ ದೊಡ್ಡ ವ್ಯತ್ಯಾಸ ಹೊಳೆದದ್ದು ಆ ರಾತ್ರಿ. ಅವಳಿಗೆ ನಾನು ಕೊಡಬೇಕಿದ್ದ ಉತ್ತರ ನನಗೆ ಗೊತ್ತಿತ್ತು: ‘ಹೊಸದು ಬೇಡಮ್ಮಾ. ಪಿಜಿ ಬಿಟ್ಟು ಹೋಗುವವರು ಒಳ್ಳೆಯ ಕುಕ್ಕರನ್ನೇ ಅರ್ಧ ಬೆಲೆಗೆ ಕೊಡುತ್ತಾರೆ. ಇಲ್ಲದಿದ್ದರೆ ತುಳಶಿಬಾಗ್ ಕಡೆ ಹೋಗಿ ಕಣ್ಣಾರೆ ನೋಡಿ ತಗೋ.’ ಈ ಮಾತಿಗೆ ಯಾರೂ ಕಮಿಷನ್ ಕೊಡುವುದಿಲ್ಲ. ಅದನ್ನು ಅವಳಿಂದ ಮುಚ್ಚಿಡಬೇಕೆಂದು ನಾನು ಯೋಚಿಸಿರಲಿಲ್ಲ. ಅದು ನನಗೆ ನೆನಪೇ ಆಗಲಿಲ್ಲ. ಕಮಿಷನ್ ನನ್ನಿಂದ ಸುಳ್ಳು ಹೇಳಿಸಲಿಲ್ಲ, ಯಾವುದು ಮೊದಲು ನೆನಪಾಗಬೇಕು ಎನ್ನುವುದನ್ನು ಬದಲಿಸಿತ್ತು. ಪುಟದ ತಲೆಯ ಮೇಲಿನ ಸೂಚನೆ ಇದನ್ನು ಹೇಗೆ ತಿಳಿಸೀತು?

ನನ್ನಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯ ಗುಮಾಸ್ತರಾಗಿದ್ದರು. ದಲಾಲಿ ಎನ್ನುವುದು ಬೈಗುಳವಲ್ಲ, ಕಸುಬು ಎಂದು ಅವರಿಂದಲೇ ಕಲಿತೆ. ದರ ಬಿದ್ದ ದಿನ ಸಾಹುಕಾರರು ಕೆಲವು ರೈತರಿಗೆ, “ಇವತ್ತು ಮಾರಬ್ಯಾಡೋ, ಕೋಲ್ಡ್ ಸ್ಟೋರೇಜಿನಾಗ ಇಡು” ಅನ್ನುತ್ತಿದ್ದರಂತೆ. ಆ ದಿನದ ದಲಾಲಿ ಹೋಯಿತು. ಅದು ಬರೀ ಪುಣ್ಯದ ಕೆಲಸವೂ ಅಲ್ಲ, ಮುಂದಿನ ವರ್ಷವೂ ಆ ರೈತ ಚೀಲ ಇಳಿಸುವುದು ಅವರ ಅಂಗಡಿಯ ಮುಂದೆಯೇ. ಆದರೆ ‘ಬೇಡ’ ಎನ್ನುವ ಮಾತು ಅವರ ಬಾಯಲ್ಲಿ ಇನ್ನೂ ಉಳಿದಿತ್ತು. ಮೇಲಾಗಿ ಅವರು ದಲಾಲರೆಂದು ಎಲ್ಲರಿಗೂ ಗೊತ್ತಿತ್ತು, ರೈತ ಆ ಎಚ್ಚರದಲ್ಲೇ ಮಾತು ಕೇಳುತ್ತಿದ್ದ. ಈ ಹುಡುಗಿ ನನ್ನ ಮಾತು ಕೇಳಿದ್ದು ನಾನು ಕನ್ನಡದವನು ಎಂದು. ಪರಊರಿನಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ನಾವೆಲ್ಲ ಸ್ವಲ್ಪ ಎಚ್ಚರ ತಪ್ಪುತ್ತೇವೆ. ಆ ಸಲುಗೆ ನಾನು ಗಳಿಸಿದ್ದಲ್ಲ. ಅದನ್ನೇ ಬಂಡವಾಳ ಮಾಡಿಕೊಂಡಿದ್ದೆ.

ಆ ಪುಟದಿಂದ ನಾಲ್ಕು ಕುಕ್ಕರ್‌ಗಳನ್ನು ತೆಗೆದೆ. ನಾನು ಬಳಸದ ವಸ್ತುವಿಗೆ ಈಗ ಕೊಂಡಿ ಇಲ್ಲ. ಯಾವುದನ್ನು ಕೊಳ್ಳುವ ಅಗತ್ಯವಿಲ್ಲ, ಯಾವುದು ಪೇಟೆಯಲ್ಲಿ ಅಗ್ಗ ಎಂದು ಹೇಳುವ ಇನ್ನೊಂದು ಪುಟ ಸೇರಿಸಿದ್ದೇನೆ. ಆದಾಯ ಮೂರನೇ ಒಂದು ಭಾಗಕ್ಕೆ ಇಳಿದಿದೆ, ಸರ್ವರ್ ಖರ್ಚು ಹೇಗೋ ಹುಟ್ಟುತ್ತದೆ. ಕಮಿಷನ್ ಪೂರ್ತಿ ಬಿಟ್ಟೆನೆಂದು ಹೇಳಿಕೊಳ್ಳಲಾರೆ. ಡಯಾಪರಿನಂಥ ಹಣ ಈಗಲೂ ಬರುತ್ತದೆ, ಅದು ನನ್ನ ದುಡಿಮೆಯೋ ಅಲ್ಲವೋ ಎಂದು ಈಗಲೂ ತೀರ್ಮಾನವಾಗಿಲ್ಲ.

ಹುಡುಗಿಗೆ ನಮ್ಮ ಮನೆಯ ಹಳೆಯ ಕುಕ್ಕರ್ ಕೊಟ್ಟೆ. ಮೊದಲು ಬೇಡವೆಂದಳು, ಆಮೇಲೆ ಬಂದು ತೆಗೆದುಕೊಂಡು ಹೋದಳು. ಹೋದ ವಾರ ಇಸ್ತ್ರಿಪೆಟ್ಟಿಗೆಯ ಬಗ್ಗೆ ಕೇಳಲು ಫೋನ್ ಮಾಡಿದ್ದಳು. ನಾನು ಒಂದು ಹೆಸರು ಹೇಳುತ್ತಿದ್ದಂತೆಯೇ ತಡೆದು ಕೇಳಿದಳು:

“ಅಣ್ಣಾ, ಇದನ್ನ ನೀವು ಬಳಸೀರೇನ್ರಿ?”