ಯಜಮಾನನ ಫಲ, ಋತ್ವಿಜನ ಉಸಿರು

ಮಳೆಗಾಲದ ನಡುವೆ ಸಿಕ್ಕುವ ಒಂದೆರಡು ದಿನದ ಹೊಳವಿನಲ್ಲಿ ಕೊನೆಗಾರನು ಜಾರುವ ಅಡಕೆಮರದ ತುದಿಗೇರಿ, 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಎಂಬ ಪ್ರಮಾಣದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯದಿದ್ದರೆ ಕೊಳೆರೋಗವು ಮಲೆನಾಡಿನ ಫಸಲನ್ನು ನೆಲಕ್ಕುದುರಿಸುವುದೆಂಬುದು ಸರ್ವವಿದಿತ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರ ಸುಮಾರಿಗೆ ಪ್ರಸಿದ್ಧಿಗೆ ಬಂದ ಈ ದ್ರಾವಣವನ್ನು ಮೈಸೂರು ಸಂಸ್ಥಾನದ ಅಡಕೆಗೆ ಬಳಕೆಗೆ ತಂದ ಲೆಸ್ಲಿ ಕೋಲ್ಮನ್ನರಿಗೆ ನಮ್ಮ ತೋಟಗಳು ಋಣಿಯಾಗಿವೆ. ಆ ಋಣವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ.

ರೋಗಾಣುವನ್ನು ಕೊಲ್ಲುವುದು ಹಿಂಸೆಯಲ್ಲವೇ ಎಂಬ ಶಂಕೆಗೆ ಜೈನಾಚಾರ್ಯರು ಎಂದೋ ಸಮಾಧಾನ ಹೇಳಿದ್ದಾರೆ: ಕೃಷಿಯಂಥ ವೃತ್ತಿಯಲ್ಲಿ ಅನಿವಾರ್ಯವಾಗಿ ಒದಗುವ ಉದ್ಯೋಗೀ ಹಿಂಸೆಯು ಗೃಹಸ್ಥನಿಗೆ ಸಂಪೂರ್ಣ ವರ್ಜ್ಯವಲ್ಲ. ಆದರೆ ಪ್ರಮಾದದಿಂದ ಪ್ರಾಣಕ್ಕೆ ಕೇಡೆಸಗುವುದನ್ನೇ ಹಿಂಸೆಯ ಲಕ್ಷಣವೆಂದು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿರುವರಾಗಿ, ನನ್ನ ಚಿಂತೆಯು ಗೊನೆಯ ಮೇಲಣ ಸೂಕ್ಷ್ಮಜೀವಿಯನ್ನು ಬಿಟ್ಟು ಗೊನೆಯ ಕೆಳಗೆ ಮರವನ್ನಪ್ಪಿ ನಿಂತಿರುವ ಮನುಷ್ಯನತ್ತ ಹೊರಳುತ್ತದೆ. ಮೇಲಕ್ಕೆ ಹೊಡೆದ ಹನಿ ಅವನ ಮುಖದ ಮೇಲೆಯೇ ಇಳಿಯುತ್ತದೆ. ಮೈಲುತುತ್ತವು ಕಣ್ಣಿಗೆ ತೀವ್ರ ಅಪಾಯಕಾರಿ, ಚರ್ಮಕ್ಕೂ ಹಿತವಲ್ಲ. ಪೋರ್ಚುಗಲ್ಲಿನ ದ್ರಾಕ್ಷಿತೋಟಗಳಲ್ಲಿ ಇದೇ ದ್ರಾವಣವನ್ನು ಸಿಂಪಡಿಸುತ್ತಿದ್ದ ಕೆಲಸಗಾರರ ಶ್ವಾಸಕೋಶಗಳಲ್ಲಿ ತಾಮ್ರವನ್ನೊಳಗೊಂಡ ಗಂಟುಗಳಿದ್ದುದನ್ನು ಅಲ್ಲಿನ ವೈದ್ಯರು 1969ರಲ್ಲಿ ಪ್ರಕಟಿಸಿದರು. ಎಲೆಗೂ ಕಾಯಿಗೂ ಸೌಮ್ಯವೆನಿಸಿದ ವಸ್ತು ಉಸಿರಿಗೆ ಸೌಮ್ಯವಾಗಿರಲಿಲ್ಲ.

ಮಾಡಿದವನೇ ಉಣ್ಣುವನೆಂಬ ಕರ್ಮನ್ಯಾಯ ಇಲ್ಲಿ ಹೇಗೆ ಅನ್ವಯಿಸುತ್ತದೆ? ಮೀಮಾಂಸಕರ ಮತದಲ್ಲಿ, ಆಹುತಿಯನ್ನು ಹಾಕುವವನು ಋತ್ವಿಜನಾದರೂ, ಅವನು ದಕ್ಷಿಣೆಯಿಂದ ಪರಿಕ್ರೀತನಾದ್ದರಿಂದ, ಫಲವು ಸಂಕಲ್ಪ ಮಾಡಿದ ಯಜಮಾನನಿಗೇ ಸಲ್ಲುತ್ತದೆ. ತೋಟದ ಒಡೆಯನೂ ಈ ನ್ಯಾಯದಂತೆಯೇ, ಕೂಲಿ ಕೊಟ್ಟು, ಫಸಲನ್ನು ತನ್ನದೆನ್ನುತ್ತಾನೆ, ಅದು ಸರಿ. ಆದರೆ ಕೈ ಇನ್ನೊಬ್ಬನದಾದರೂ ಕರ್ತೃತ್ವ ತನ್ನದೆಂದು ಫಲಕ್ಕೆ ಕೈಯೊಡ್ಡಿದವನು, ಅದೇ ಕರ್ಮದಿಂದ ಹುಟ್ಟಿದ ಕೆಮ್ಮನ್ನು ಮಾತ್ರ ಕೈಯವನ ಪ್ರಾರಬ್ಧವೆಂದು ತಳ್ಳಿಹಾಕಲು ಯಾವ ಶಾಸ್ತ್ರದ ಆಧಾರವಿದೆ? ಕೂಲಿಯಿಂದ ಕೊಂಡದ್ದು ದಿನದ ಶ್ರಮವನ್ನೇ ಹೊರತು ಶ್ವಾಸವನ್ನಲ್ಲ. ಪ್ರಾರಬ್ಧವೆಂಬ ಮಾತನ್ನು ತನ್ನ ದುಃಖವನ್ನು ಸೈರಿಸಿಕೊಳ್ಳಲು ಬಳಸಬಹುದು. ಪರರ ದುಃಖಕ್ಕೆ ಅದನ್ನು ಹಚ್ಚುವುದು ನನಗೆ ಕ್ರೌರ್ಯವಾಗಿ ತೋರುತ್ತದೆ.

ಇನ್ನೂ ಒಂದು ಮಾತುಂಟು. ಕಾಮ್ಯಕರ್ಮದಲ್ಲಿ ಅಂಗಲೋಪವಾದರೆ ಫಲಸಿದ್ಧಿಯಿಲ್ಲವೆಂದು ಅದೇ ಮೀಮಾಂಸಕರು ವಿಧಿಸಿದ್ದಾರೆ. ಲಾಭಾಪೇಕ್ಷೆಯ ಬೇಸಾಯವೂ ಕಾಮ್ಯವೇ ಅಲ್ಲವೆ? ಹಾಗಿದ್ದಮೇಲೆ ಕೊನೆಗಾರನ ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು, ಕೈಗೆ ಗವಸು, ಊಟಕ್ಕೆ ಮೊದಲು ಸಾಬೂನು ನೀರು, ಗಾಳಿ ಎದ್ದ ದಿನ ಕೆಲಸ ನಿಲ್ಲಿಸಿದರೂ ಕಡಿಯದ ಕೂಲಿ, ಇವನ್ನೆಲ್ಲ ಒಡೆಯನು ಔದಾರ್ಯವೆಂದೆಣಿಸದೆ, ಆ ಕರ್ಮದ ಅಂಗಗಳೆಂದೇ ತಿಳಿದು, ಖರ್ಚಿನ ಪಟ್ಟಿಯಲ್ಲಿ ಮೈಲುತುತ್ತದ ಪಕ್ಕದಲ್ಲೇ ಬರೆಯತಕ್ಕದ್ದು.